ಸುಣ್ಣದ ಡಬ್ಬಿ

ಹುಬ್ಬಳ್ಳಿಯ ಅಡುಗೆ ಕಾಲೇಜಿನಲ್ಲಿ ಚೀಟಿ ಎತ್ತಿಸಿದರು.
ಬಸಲಿಂಗನಿಗೆ ಇಟಲಿ ಬಂತು, ನಸ್ರೀನಳಿಗೆ ಜಪಾನು,
ನನಗೆ ಮೆಕ್ಸಿಕೊ.
ಶನಿವಾರ ಸಂಜೆಯ ಬಸ್ಸಿಗೆ ಬ್ಯಾಡಗಿಯಲ್ಲಿ ಇಳಿದಾಗ
ಊರು ಎಂದಿನಂತೆ ಸೀನುತ್ತಿತ್ತು.

"ಏನ ಮಾಡಾಕ ಹೇಳ್ಯಾರ?"
"ಎಂಚಿಲಾಡ."
"ಎಂಜಲಾ? ಯಾರ ಎಂಜಲ?"
"ಎಂಜಲಲ್ಲಬೇ. ಮೆಣಸಿನಕಾಯಿ ಹಚ್ಚಿದ್ದು ಅಂತ ಅರ್ಥ.
ರೊಟ್ಟಿಗೆ ಕಾರ ಸವರಿ, ಒಳಗ ಪಲ್ಯ ಇಟ್ಟು ಸುತ್ತೋದು."
ಅವ್ವ ನನ್ನ ಮುಖವನ್ನೇ ನೋಡಿದಳು.
"ಇದಕ್ಕ ವರ್ಷಕ್ಕ ನಲವತ್ತು ಸಾವಿರ ಫೀ?"

ಇಪ್ಪತ್ತೆರಡು ವರ್ಷದಿಂದ ತೊಟ್ಟು ಮುರಿಯುತ್ತಾಳೆ ಅವ್ವ
ಗೋದಾಮಿನ ತಗಡಿನ ಕೆಳಗೆ, ಮೂಗಿಗೆ ಸೆರಗು ಕಟ್ಟಿ,
ಕಿಲೋಕ್ಕೆ ಇಷ್ಟೆಂದು.
ಅವಳ ಬೆರಳು ನಿದ್ದೆಯಲ್ಲೂ ಏನನ್ನೋ ಚಿವುಟುತ್ತವೆ.
ನಾನು ಕೂಸಾಗಿದ್ದಾಗ ಅತ್ತರೆ
ಕಣ್ಣು ಒರೆಸುತ್ತಿದ್ದದ್ದು
ಮೊಣಕೈಯಿಂದ.

ಹಿಟ್ಟು ಮೆಕ್ಕೆಜೋಳದ್ದೇ ಆಗಬೇಕು ಎಂದೆ.
"ಅದು ಕೋಳಿ ತಿನ್ನೋದಲ್ಲೋ!"
ಸುತ್ತಲಿನ ಹೊಲವೆಲ್ಲ ಅದೇ.
ಅರ್ಧ ರಸ್ತೆಗೆ ಹಳದಿ ಹಾಸಿ ಒಣಗಿಸುತ್ತಾರೆ,
ಲಾರಿಗೆ ತುಂಬುತ್ತಾರೆ,
ಒಲೆಯ ಹತ್ತಿರ ಮಾತ್ರ ಕರೆಯುವುದಿಲ್ಲ.
ಎರಡು ಸೇರು ಒಯ್ದರೆ, ಎಮ್ಮೆಗೆಂದು ತಿಳಿದು
ಗಿರಣಿಯ ವೀರಬಸಯ್ಯ ನುಣ್ಣಗೆ ಬೀಸಲೇ ಇಲ್ಲ.

ಬಡಿದರೆ ಒಡೆಯಿತು.
ಕುದಿವ ನೀರು ಹಾಕಿ ನಾದಿದೆವು; ಒಡೆಯಿತು.
ಜೋಳದ ರೊಟ್ಟಿಯನ್ನು ಚಂದ್ರನಿಗಿಂತ ದುಂಡಗೆ ಬಡಿಯುವ ಅವ್ವ
ಮೊದಲ ಸಲ ಒಂದು ಹಿಟ್ಟಿಗೆ ಸೋತು
ಪರಾತದ ಮುಂದೆ ಸುಮ್ಮನೆ ಕೂತಳು.

ಪುಸ್ತಕ ತೆಗೆದೆ:
ಕಾಳನ್ನು ಸುಣ್ಣದ ನೀರಿನಲ್ಲಿ ಕುದಿಸಿ ರಾತ್ರಿಯಿಡೀ ನೆನೆಯಬಿಡತಕ್ಕದ್ದು.
"ಸುಣ್ಣ? ಗ್ವಾಡಿಗೆ ಬಳಿಯೋದಾ?"
ಬಾಗಿಲಲ್ಲಿ ಹಜರತಬಿ ಚಿಗವ್ವ ನಕ್ಕಳು,
ಗೋದಾಮಿನಲ್ಲಿ ಅವ್ವನ ಮಗ್ಗುಲಿಗೇ ಕೂರುವವಳು.
ಸೊಂಟದ ಚಂಚಿ ಬಿಚ್ಚಿ
ಎಲೆ, ಅಡಕಿ, ತಂಬಾಕು ಸರಿಸಿ
ತುಕ್ಕು ಹಿಡಿದ ಪುಟ್ಟ ಡಬ್ಬಿ ತೆಗೆದಳು.
"ತಗೋ. ದಿನಾ ತಿಂತೀನಿ, ಇನ್ನೂ ಸತ್ತಿಲ್ಲ."

ಬೆಳಗಾದರೆ ಸಿಪ್ಪೆ ಬೆರಳಿಗೆ ಜಾರಿ ಬಂತು.
ಮನೆಯೆಲ್ಲ ನೆಂದ ಗೋಡೆಯ ವಾಸನೆ.
ಒರಳಲ್ಲಿ ರುಬ್ಬಿದೆವು, ಮೂವರೂ ಸರದಿಯಲ್ಲಿ.
ಹಿಟ್ಟು ಈಗ ಮಾತು ಕೇಳಿತು.

ಕಾರದ ಪಾಠ ನನಗೆ ಅವ್ವನೇ ಮಾಡಿದಳು.
"ಗುಂಟೂರ ಬ್ಯಾಡ, ಅದು ಬರೇ ಬೈತದ.
ಕಡ್ಡಿ ಕಾಯಿ ಹಾಕು. ಸುಕ್ಕು ನೋಡಿ ಆರಿಸು,
ಮುದುಕಿಯ ಮುಖಧಂಗ ಇರಬೇಕು."
ನಾನು ಹೇಳಿದೆ: ಈ ಕಾಯಿಯ ತವರೂ ಆ ದೇಶದ ಕಡೆಯದೇ,
ನೂರಾರು ವರ್ಷದ ಹಿಂದೆ ಹಡಗಿನಲ್ಲಿ ಬಂದದ್ದು.
ಅವ್ವನ ಕೈ ನಿಂತಿತು.
"ಬ್ಯಾಡಗಿ ಕಾಯಿ?"
"ಹೂಂ."
ತುಸು ಹೊತ್ತು ಒಲೆಯನ್ನು ನೋಡಿದಳು.
"ತೊಟ್ಟು ಸಮೇತ ಬಂತೋ, ಮುರದು ಕಳಿಸಿದ್ರೋ?"

ಪುಸ್ತಕದಲ್ಲಿ ಅದಿರಲಿಲ್ಲ.

ಒಳಗೆ ತುಂಬಲು ಕೋಳಿ, ಚೀಸು ಎಂದಿತ್ತು.
ಮನೆಯಲ್ಲಿ ನಿನ್ನೆಯ ಝುಣಕ ಇತ್ತು.
ಕೆಂಪಿನಲ್ಲಿ ಮುಳುಗಿ ಎದ್ದ ರೊಟ್ಟಿ
ಅದನ್ನೇ ಹೊಟ್ಟೆಗೆ ಹಾಕಿಕೊಂಡು
ತಾಟಿನಲ್ಲಿ ಮಗ್ಗುಲಾಯಿತು.
ಚಿಗವ್ವ ತುದಿ ಕಡಿದು, ಉಳಿದದ್ದನ್ನು ಅವ್ವನ ಬಾಯಿಗೆ ಹಿಡಿದಳು.
ಅವ್ವ ಅಗಿದಳು, ಮೂಗು ಏರಿಸಿದಳು.
"ಈಗ ಖರೇ ಎಂಜಲಾತು ನೋಡು."

ಸೋಮವಾರ ಇಪ್ಪತ್ತಕ್ಕೆ ಹನ್ನೊಂದು.
ಹೂರಣ ಶಾಸ್ತ್ರೋಕ್ತವಲ್ಲ, ಎಂದು ಬರೆದಿದ್ದರು.
ಫೋನು ಮಾಡಿದರೆ ಆ ಕಡೆ ಹಮಾಲರ ಕೂಗು, ಯಾರದೋ ಕೆಮ್ಮು.
"ಬಣ್ಣಕ್ಕ ಎಷ್ಟ ಕೊಟ್ರು?"
"ಐದಕ್ಕೆ ಐದು."
"ಏ ಹಜರತಬಿ," ಎಂದಳು ಅತ್ತ ತಿರುಗಿ,
"ಬಣ್ಣಕ್ಕ ಪೂರಾ ಕೊಟ್ಟಾರಂತ."
ಫೋನು ಮಡಿಲಲ್ಲೇ ಮರೆತಳೇನೋ.
ನಾನೂ ಇಡಲಿಲ್ಲ.
ಕಾಲೇಜಿನ ಮೆಟ್ಟಿಲ ಮೇಲೆ ಕೂತು, ಕರೆನ್ಸಿ ಮುಗಿಯುವವರೆಗೂ
ಕೇಳುತ್ತಿದ್ದೆ:
ಚಟ್,
ಚಟ್,
ಚಟ್.